ಓಟ್ಸ್ ಕಾಳು ನೋಡಿದ್ದೀರಾ?

ಓಟ್ಸ್ ತಿನ್ನಲು ಶುರು ಮಾಡಿ ಏಳೆಂಟು ವರ್ಷವಾದ ಮೇಲೆ ನಾನು ಓಟ್ಸ್ ಗಿಡ ನೋಡಿದೆ. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಪರಿಚಯದ ರೈತರೊಬ್ಬರ ಮನೆಗೆ ಹೋಗಿದ್ದೆ. ಫೆಬ್ರವರಿ ತಿಂಗಳು. ಕೊಟ್ಟಿಗೆಯಲ್ಲಿ ಆಕಳ ಮುಂದೆ ಹಸಿಮೇವು ಕೊಚ್ಚಿ ಹಾಕಿದ್ದರು. ನೋಡಲು ಗೋಧಿ ಹುಲ್ಲಿನ ಹಾಗೇ ಇತ್ತು, ಎಲೆ ಮಾತ್ರ ಇನ್ನೂ ಅಗಲ. "ಇದು ಯಾವ ಹುಲ್ಲು?" ಅಂತ ಕೇಳಿದೆ. "ಪ್ಯಾಟ್ಯಾಗ ನೀವ್ ಡಬ್ಬ್ಯಾಗ ಇಟ್ಕೊಂಡು ತಿಂತೀರಲ್ರೀ ಓಟ್ಸು, ಅದಾ ಇದು ನೋಡ್ರಿ" ಅಂದರು.

ಹೊಲದ ಬದುವಿನ ಹತ್ತಿರ ಬೀಜಕ್ಕೆಂದು ಕೊಯ್ಯದೆ ಬಿಟ್ಟ ಎರಡು ಸಾಲು ಇದ್ದವು. ಅಲ್ಲಿ ತೆನೆ ಕಟ್ಟಿತ್ತು. ಗೋಧಿ ತೆನೆ ಜಡೆ ಹೆಣೆದ ಹಾಗೆ ಬಿಗಿಯಾಗಿರುತ್ತದೆ. ಓಟ್ಸ್ ತೆನೆ ಬಿಡಿಬಿಡಿ. ಕೂದಲಿನಷ್ಟು ಸಣ್ಣ ಕಡ್ಡಿಗಳು ಸುತ್ತಲೂ ಚಾಚಿಕೊಂಡು, ಒಂದೊಂದರ ತುದಿಯಲ್ಲೂ ಒಂದೊಂದು ಜುಮುಕಿ ಜೋತು ಬಿದ್ದಿರುತ್ತದೆ. ಒಂದು ಜುಮುಕಿ ಕಿತ್ತು ಬಿಡಿಸಿದೆ. ಹೊರಗೆ ಕಾಗದದಂಥ ಎರಡು ಹೊದಿಕೆ. ಅದರೊಳಗೆ ಎರಡು ಕಾಳು. ಪ್ರತಿ ಕಾಳಿಗೂ ಮತ್ತೆ ಗಟ್ಟಿ ಸಿಪ್ಪೆ. ಅದನ್ನು ಉಗುರಲ್ಲಿ ಬಿಡಿಸಲು ಹೋಗಿ ಸಾಕಾಯಿತು. ಕೊನೆಗೆ ಸಿಕ್ಕಿದ್ದು ಉದ್ದನೆಯ ಒಂದು ಕಾಳು, ಮೈಮೇಲೆ ನವಿರಾದ ರೋಮ, ಹೊಟ್ಟೆಯ ಮೇಲೆ ಗೋಧಿಗಿರುವಂಥದ್ದೇ ಒಂದು ಗೀರು.

ನಮ್ಮಲ್ಲಿ ಬಹಳ ಜನಕ್ಕೆ ಓಟ್ಸ್ ಅಂದರೆ ಬೂದು ಬಣ್ಣದ ಚಪ್ಪಟೆ ಹಾಳೆ. ಅಕ್ಕಿ, ರಾಗಿ, ಜೋಳವನ್ನು ಕಾಳಾಗಿ ನೋಡಿಯೇ ಬೆಳೆದವರು ನಾವು. ಓಟ್ಸ್ ಮಾತ್ರ ಗಿರಣಿಯಿಂದ ಹೊರಬಿದ್ದ ಮೇಲೆ ನಮ್ಮ ಮನೆಗೆ ಬಂತು. ಹಾಗಾಗಿ ಅದರ ಬಗ್ಗೆ ಪ್ಯಾಕೆಟ್ ಹೇಳಿದ್ದೇ ನಮಗೆ ಗೊತ್ತಿರುವುದು. ಅದು ಯಾಕೆ ಚಪ್ಪಟೆ? ಯಾಕೆ ಲೋಳೆ? ಅದರಲ್ಲಿ ಚಪಾತಿ ಯಾಕೆ ಬರುವುದಿಲ್ಲ? ನಮ್ಮ ಹೊಲದಲ್ಲಿ ಅದು ದನಕ್ಕೆ ಮಾತ್ರ ಯಾಕೆ? ಎಲ್ಲದಕ್ಕೂ ಉತ್ತರ ಆ ಕಾಳಿನೊಳಗೇ ಇದೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಕೆಲವರು ಓಟ್ಸ್ ಅನ್ನು ಜವೆಗೋಧಿ ಅಂತ ಬರೆಯುತ್ತಾರೆ. ಜವೆಗೋಧಿ ಅಂದರೆ ಬಾರ್ಲಿ. ಓಟ್ಸ್ ಬೇರೆ ಬೆಳೆ, ಅದರ ಸಸ್ಯಶಾಸ್ತ್ರೀಯ ಹೆಸರು ಅವೆನಾ ಸಟೈವಾ. ಹಿಂದಿಯಲ್ಲಿ ಅದಕ್ಕೆ ಜೈ ಅನ್ನುತ್ತಾರೆ. ಕನ್ನಡದಲ್ಲಿ ಓಟ್ಸ್ ಅಂತಲೇ ರೂಢಿಯಾಗಿದೆ, ನಾನೂ ಹಾಗೇ ಕರೆಯುತ್ತೇನೆ.

ಕಳೆಯಾಗಿ ಬಂದದ್ದು ಬೆಳೆಯಾಯಿತು

ಗೋಧಿ ಮತ್ತು ಬಾರ್ಲಿಯನ್ನು ಪಶ್ಚಿಮ ಏಷ್ಯಾದ ಜನ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಬೇಕೆಂದೇ ಬಿತ್ತಿ ಬೆಳೆಸಿದರು. ಓಟ್ಸ್ ಕಥೆ ಹಾಗಿಲ್ಲ. ಅದು ಗೋಧಿ, ಬಾರ್ಲಿ ಹೊಲಗಳಲ್ಲಿ ಕಳೆಯಾಗಿ ಹುಟ್ಟುತ್ತಿದ್ದ ಹುಲ್ಲು. ಬಿತ್ತನೆ ಬೀಜದ ಜೊತೆ ಬೆರೆತು ಅದೂ ಊರೂರು ಸುತ್ತಿತು. ರೈತರು ಯುರೋಪಿನ ಉತ್ತರಕ್ಕೆ ಹೋದ ಹಾಗೆ ಚಳಿ ಹೆಚ್ಚಾಯಿತು, ಮಳೆ ಹೆಚ್ಚಾಯಿತು, ಮಣ್ಣು ಹುಳಿಯಾಯಿತು. ಅಲ್ಲಿ ಗೋಧಿ ಸೊರಗಿತು, ಕಳೆ ಹುಲುಸಾಗಿ ಬೆಳೆಯಿತು. ಅದನ್ನು ಕೀಳುವುದಕ್ಕಿಂತ ತಿನ್ನುವುದೇ ಲೇಸು ಅಂತ ಜನಕ್ಕೆ ಅನ್ನಿಸಿರಬೇಕು. ಹೀಗೆ ಓಟ್ಸ್ ಬೆಳೆಯಾದದ್ದು ಗೋಧಿಗಿಂತ ಎಷ್ಟೋ ಸಾವಿರ ವರ್ಷ ತಡವಾಗಿ, ಯುರೋಪಿನ ಕಂಚಿನ ಯುಗದ ಹೊತ್ತಿಗೆ.

ಕಾಡು ಓಟ್ಸ್ ತಿನ್ನುವುದು ಮಾತ್ರ ಅದಕ್ಕಿಂತ ಬಹಳ ಹಳೆಯದು. ದಕ್ಷಿಣ ಇಟಲಿಯ ಪಗ್ಲಿಚ್ಚಿ ಎಂಬ ಗುಹೆಯಲ್ಲಿ ಕಾಳು ಅರೆಯಲು ಬಳಸಿದ ಒಂದು ಕಲ್ಲು ಸಿಕ್ಕಿದೆ. ಸುಮಾರು 32,000 ವರ್ಷ ಹಳೆಯದು. ಅದರ ಮೈಗೆ ಅಂಟಿದ್ದ ಪಿಷ್ಟದ ಕಣಗಳಲ್ಲಿ ಓಟ್ಸ್ ಜಾತಿಯ ಹುಲ್ಲಿನದೂ ಇದ್ದವು ಅಂತ 2015ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಕೃಷಿ ಹುಟ್ಟುವುದಕ್ಕೆ ಇಪ್ಪತ್ತು ಸಾವಿರ ವರ್ಷ ಮೊದಲೇ ಯಾರೋ ಓಟ್ಸ್ ಹಿಟ್ಟು ಮಾಡಿದ್ದರು.

ಕಾಡು ಓಟ್ಸ್ ಬೀಜದಲ್ಲಿ ನೋಡಲೇಬೇಕಾದ ಒಂದು ಚಮತ್ಕಾರ ಇದೆ. ಬೀಜದ ಬೆನ್ನಿಂದ ಕರಿಯ ಮೀಸೆಯೊಂದು ಹೊರಡುತ್ತದೆ. ಅದರ ಅರ್ಧ ಭಾಗ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿರುತ್ತದೆ, ಉಳಿದರ್ಧ ಮೊಣಕೈ ಮಡಿಸಿದ ಹಾಗೆ ಪಕ್ಕಕ್ಕೆ ಬಾಗಿರುತ್ತದೆ. ರಾತ್ರಿ ಇಬ್ಬನಿ ಬಿದ್ದಾಗ ಹೊಸೆದದ್ದು ಬಿಚ್ಚುತ್ತದೆ. ಹಗಲು ಒಣಗಿದಾಗ ಮತ್ತೆ ಹೊಸೆದುಕೊಳ್ಳುತ್ತದೆ. ಹೀಗೆ ದಿನಾ ತಿರುಗುತ್ತಾ ಬೀಜ ಮಣ್ಣಿನ ಬಿರುಕಿನೊಳಗೆ ತಾನೇ ಇಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದ್ದ. ಗಾಳಿಯ ತೇವ ಅಳೆಯುವ ಉಪಕರಣಕ್ಕೂ ಆ ಮೀಸೆಯನ್ನೇ ಬಳಸಿದ. ಪಂಜಾಬ್, ಹರಿಯಾಣದ ಗೋಧಿ ರೈತರಿಗೆ ಇದೇ ಕಾಡು ಓಟ್ಸ್ ಇವತ್ತಿಗೂ ದೊಡ್ಡ ತಲೆನೋವಿನ ಕಳೆ. ನೆಲದೊಳಗೆ ಬೀಜ ಬಚ್ಚಿಟ್ಟುಕೊಳ್ಳುವುದು ಅದಕ್ಕೆ ಅಷ್ಟು ಚೆನ್ನಾಗಿ ಬರುತ್ತದೆ.

ಸ್ಕಾಟ್ಲೆಂಡಿನ ಮುದ್ದೆಕೋಲು

ಓಟ್ಸ್‌ಗೆ ತಂಪು ಬೇಕು, ತೇವ ಬೇಕು. ಗೋಧಿಯಷ್ಟು ಒಳ್ಳೆಯ ಮಣ್ಣು ಬೇಕಿಲ್ಲ. ಸ್ಕಾಟ್ಲೆಂಡ್, ಐರ್ಲೆಂಡ್, ಫಿನ್ಲೆಂಡ್, ಪೋಲೆಂಡ್, ರಷ್ಯಾ, ಕೆನಡಾ ಇಲ್ಲೆಲ್ಲ ಅದು ನೆಲೆ ಕಂಡಿದ್ದು ಅದಕ್ಕೇ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಓಟ್ಸ್ ಬೆಳೆಯುವ ದೇಶಗಳಲ್ಲಿ ರಷ್ಯಾ, ಕೆನಡಾ ಮುಂದೆ ಇವೆ. ನಮ್ಮ ದೇಶಕ್ಕೆ ತಿನ್ನುವ ಓಟ್ಸ್ ಬಹುಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ. ಅಲ್ಲೂ ಅದು ಚಳಿಗಾಲದ ಬೆಳೆ.

ಸ್ಕಾಟ್ಲೆಂಡಿನ ಅಡುಗೆಮನೆಯ ವಿಷಯ ಓದುವಾಗ ನನಗೆ ಪದೇಪದೇ ನಮ್ಮ ಹಳೇ ಮೈಸೂರಿನ ಕಡೆಯ ಮನೆಗಳು ನೆನಪಾಗುತ್ತವೆ. ಅಲ್ಲಿ ಓಟ್ಸ್ ಗಂಜಿ ತಿರುವಲು ಒಂದು ಮರದ ಕೋಲು ಇದೆ. ಸ್ಪರ್ಟಲ್ ಅಂತ ಹೆಸರು. ಚಮಚಕ್ಕಿಂತ ಕೋಲೇ ಒಳ್ಳೆಯದು, ಗಂಟು ಕಟ್ಟುವುದಿಲ್ಲ ಅನ್ನುತ್ತಾರೆ. ನಮ್ಮ ಮುದ್ದೆಕೋಲಿನದೂ ಅದೇ ಕೆಲಸ ಅಲ್ವಾ? ಕಾರ್‌ಬ್ರಿಜ್ ಎಂಬ ಊರಿನಲ್ಲಿ 1994ರಿಂದ ಗಂಜಿ ಮಾಡುವ ಸ್ಪರ್ಧೆ ನಡೆಯುತ್ತಿದೆ. ಅದರ ಮುಖ್ಯ ವಿಭಾಗದಲ್ಲಿ ಓಟ್ಸ್, ನೀರು, ಉಪ್ಪು ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. ಗೆದ್ದವರಿಗೆ ಬಹುಮಾನ ಚಿನ್ನದ ಬಣ್ಣದ ಸ್ಪರ್ಟಲ್.

ಇನ್ನೊಂದು ತಿನಿಸು ಇದೆ, ಸೋವನ್ಸ್. ಗಿರಣಿಯಲ್ಲಿ ಬೇರ್ಪಟ್ಟ ಸಿಪ್ಪೆಗೆ ಒಂದಿಷ್ಟು ಹಿಟ್ಟು ಅಂಟಿಯೇ ಇರುತ್ತದೆ. ಅದನ್ನು ಎಸೆಯಲು ಬಡವರಿಗೆ ಮನಸ್ಸು ಬರುತ್ತಿರಲಿಲ್ಲ. ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ ಕೆಲವು ದಿನ ಹುಳಿ ಬರಲು ಬಿಡುತ್ತಿದ್ದರು. ಆಮೇಲೆ ಸೋಸಿ, ತಳದಲ್ಲಿ ಕೂತ ಹಿಟ್ಟನ್ನು ಕುದಿಸಿ ಕುಡಿಯುತ್ತಿದ್ದರು. ಹುಳಿ ಅಂಬಲಿಯ ರುಚಿ ಗೊತ್ತಿರುವವರಿಗೆ ಅದು ಹೇಗಿರುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ.

ಮನುಷ್ಯರ ಜೊತೆ ಕುದುರೆಗಳೂ ಓಟ್ಸ್ ತಿಂದವು. ಯುರೋಪ್, ಅಮೆರಿಕದಲ್ಲಿ ನೇಗಿಲು, ಗಾಡಿ, ಸೈನ್ಯ ಎಲ್ಲ ಕುದುರೆಯ ಮೇಲೆ ನಿಂತಿದ್ದ ಕಾಲದಲ್ಲಿ ಓಟ್ಸ್ ಅಂದರೆ ಇವತ್ತಿನ ಡೀಸೆಲ್. ಟ್ರ್ಯಾಕ್ಟರ್ ಬಂತು, ಕುದುರೆ ಹೋಯಿತು, ಕೋಟ್ಯಂತರ ಎಕರೆ ಓಟ್ಸ್ ಹೊಲ ಮೆಕ್ಕೆಜೋಳಕ್ಕೆ, ಸೋಯಾಕ್ಕೆ ಹೋಯಿತು. ಈಗಲೂ ಜಗತ್ತಿನ ಓಟ್ಸ್‌ನ ದೊಡ್ಡ ಪಾಲು ಪ್ರಾಣಿಗಳ ಬಾಯಿಗೇ ಹೋಗುತ್ತದೆ.

ಯಾಕೆ ಚಪ್ಪಟೆ?

ನಮಗೆ ಇದು ಸುಲಭವಾಗಿ ಅರ್ಥವಾಗಬೇಕು, ಏಕೆಂದರೆ ಅವಲಕ್ಕಿ ನಮ್ಮದು. ಭತ್ತ ನೆನೆಸಿ, ಹುರಿದು, ಬಿಸಿಯಿದ್ದಾಗಲೇ ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ. ಅರ್ಧ ಬೆಂದಿರುವುದರಿಂದ ನೀರು ಚಿಮುಕಿಸಿದರೆ ಸಾಕು. ಓಟ್ಸ್ ಹಾಳೆಯೂ ಸುಮಾರು ಇದೇ ದಾರಿಯಲ್ಲಿ ಬರುತ್ತದೆ. ನಡುವೆ ಒಂದು ಹೆಚ್ಚಿನ ತೊಡಕು ಇದೆ, ಅದು ಎಣ್ಣೆಯದು.

ಗಿರಣಿಯ ಮೊದಲ ಕೆಲಸ ಸಿಪ್ಪೆ ಬಿಡಿಸುವುದು. ಕಾಳಿನ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಸಿಪ್ಪೆಯೇ. ಭತ್ತದ ಹಾಗೆ ಇದನ್ನು ಉಜ್ಜಿ ತೆಗೆದರೆ ಮೆತ್ತನೆಯ ಕಾಳು ಪುಡಿಯಾಗುತ್ತದೆ. ಹಾಗಾಗಿ ಈಗಿನ ಗಿರಣಿಗಳಲ್ಲಿ ವೇಗವಾಗಿ ತಿರುಗುವ ಚಕ್ರ ಕಾಳನ್ನು ಹೊರಗಿನ ಗೋಡೆಗೆ ಎಸೆಯುತ್ತದೆ. ಹೊಡೆತಕ್ಕೆ ಸಿಪ್ಪೆ ಬಿಡುತ್ತದೆ. ಉಳಿಯುವ ಕಾಳಿಗೆ ಗ್ರೋಟ್ ಅನ್ನುತ್ತಾರೆ. ಇಲ್ಲಿ ತವುಡು ಹಾಗೇ ಉಳಿಯುತ್ತದೆ, ಮೊಳಕೆಯ ಭಾಗವೂ ಉಳಿಯುತ್ತದೆ. ಪಾಲಿಶ್ ಅಕ್ಕಿಯಲ್ಲಿ ಹೋಗಿಬಿಡುವುದೆಲ್ಲ ಇದರಲ್ಲಿ ಇರುತ್ತದೆ. ಅಂದರೆ ಸಾದಾ ಓಟ್ಸ್ ಯಾವ ರೂಪದಲ್ಲಿದ್ದರೂ ಅದು ಇಡಿಧಾನ್ಯವೇ.

ಈಗ ಎಣ್ಣೆಯ ವಿಷಯ. ಗೋಧಿಯಲ್ಲಿ ಎಣ್ಣೆಯ ಅಂಶ ನೂರಕ್ಕೆ ಸುಮಾರು ಎರಡು. ಓಟ್ಸ್‌ನಲ್ಲಿ ಆರೇಳು ಇರುತ್ತದೆ. ಅದರ ಜೊತೆಗೇ, ಕಾಳಿನ ಹೊರಪದರದಲ್ಲಿ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇದೆ. ಕಾಳು ಇಡಿಯಾಗಿರುವಷ್ಟು ದಿನ ಎರಡೂ ತಮ್ಮ ತಮ್ಮ ಜಾಗದಲ್ಲಿ ಸುಮ್ನೆ ಇರುತ್ತವೆ. ಬೀಸಿದ ಕೂಡಲೇ ಎರಡೂ ಕೂಡುತ್ತವೆ. ಕೆಲವೇ ದಿನಗಳಲ್ಲಿ ಹಿಟ್ಟು ಕಹಿಯಾಗಿ, ಸೋಪಿನ ರುಚಿ ಬಂದು, ಕಮಟು ವಾಸನೆ ಹೊಡೆಯುತ್ತದೆ. ಸಜ್ಜೆ ಹಿಟ್ಟು ಬೇಗ ಕೆಡುವುದನ್ನು ಉತ್ತರ ಕರ್ನಾಟಕದವರು ನೋಡಿಯೇ ಇರುತ್ತಾರೆ, ಕಾರಣ ಹೆಚ್ಚುಕಡಿಮೆ ಅದೇ.

ಇದನ್ನು ತಡೆಯಲು ಗ್ರೋಟ್ ಅನ್ನು ಮೊದಲು ಹಬೆಯಲ್ಲಿ 100 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಕಿಣ್ವ ಸಾಯುತ್ತದೆ. ಓಟ್ಸ್‌ಗೆ ಇರುವ ಹುರಿದ ಕಡಲೆಬೀಜದಂಥ ಘಮವೂ ಬಹುಪಾಲು ಇಲ್ಲೇ ಹುಟ್ಟುತ್ತದೆ. ರಾತ್ರಿ ಹಾಲಲ್ಲಿ ಅಥವಾ ಮೊಸರಲ್ಲಿ ನೆನೆಸಿಟ್ಟು ಬೆಳಿಗ್ಗೆ ಹಾಗೇ ತಿನ್ನುವವರು "ಹಸಿ ತಿಂದರೆ ಏನಾದರೂ ಆಗುತ್ತಾ?" ಅಂತ ಕೇಳುತ್ತಾರೆ. ಡಬ್ಬಿಯಲ್ಲಿರುವ ಓಟ್ಸ್ ಹಸಿಯಲ್ಲ. ಒಂದು ಸಲ ಹಬೆ ಕಂಡೇ ಬಂದಿರುತ್ತದೆ.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಗ್ರೋಟನ್ನು ಬ್ಲೇಡಿನಲ್ಲಿ ಎರಡು ಮೂರು ಚೂರು ಮಾಡಿದರೆ ಸ್ಟೀಲ್ ಕಟ್ ಓಟ್ಸ್. ಕನ್ನಡದಲ್ಲಿ ಅದಕ್ಕೆ ಓಟ್ಸ್ ನುಚ್ಚು ಅನ್ನಬಹುದು, ಬೇಯಲು 20ರಿಂದ 30 ನಿಮಿಷ ಬೇಕು. ಇಡೀ ಗ್ರೋಟನ್ನು ಮತ್ತೆ ಹಬೆಯಲ್ಲಿ ಮೆದುವಾಗಿಸಿ ಎರಡು ಉರುಳೆಗಳ ನಡುವೆ ಒತ್ತಿದರೆ ದಪ್ಪ ಹಾಳೆ, ಅದೇ ರೋಲ್ಡ್ ಓಟ್ಸ್. ನುಚ್ಚನ್ನು ಒತ್ತಿ ಇನ್ನೂ ತೆಳ್ಳಗೆ ಮಾಡಿದರೆ ಕ್ವಿಕ್ ಓಟ್ಸ್. ಅದಕ್ಕಿಂತ ತೆಳ್ಳಗೆ, ಇನ್ನೂ ಜಾಸ್ತಿ ಬೇಯಿಸಿದ್ದು ಇನ್‌ಸ್ಟಂಟ್. ನಾಲ್ಕೂ ಒಂದೇ ಕಾಳು. ಪೌಷ್ಟಿಕಾಂಶದ ಪಟ್ಟಿ ನೋಡಿದರೆ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಅದು ಎಷ್ಟು ಬೇಗ ಜೀರ್ಣವಾಗುತ್ತದೆ ಅನ್ನುವುದರಲ್ಲಿ. ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅಂತ ಅಳೆಯುವ ಗ್ಲೈಸಿಮಿಕ್ ಇಂಡೆಕ್ಸ್ ನುಚ್ಚಿಗೂ ದಪ್ಪ ಹಾಳೆಗೂ 55ರ ಆಸುಪಾಸು ಇದ್ದರೆ, ಕ್ವಿಕ್ ಓಟ್ಸ್‌ಗೆ 70 ದಾಟುತ್ತದೆ, ಇನ್‌ಸ್ಟಂಟ್‌ಗೆ 75ರವರೆಗೂ ಹೋಗುತ್ತದೆ. ಹಾಳೆ ತೆಳ್ಳಗಾದಷ್ಟೂ ಜೀರ್ಣರಸಕ್ಕೆ ಕೆಲಸ ಸುಲಭ. ಸಕ್ಕರೆ ಕಾಯಿಲೆ ಇದೆ ಅಂತ ಓಟ್ಸ್ ಹಿಡಿದವರು ಇನ್‌ಸ್ಟಂಟ್ ಪ್ಯಾಕೆಟ್ ಕೊಳ್ಳುವುದು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾವ ಕಾರಣಕ್ಕೆ ಕೊಂಡರೋ ಆ ಗುಣವೇ ಅದರಲ್ಲಿ ಕಡಿಮೆಯಾಗಿರುತ್ತದೆ. ಮಸಾಲೆ ಬೆರೆಸಿದ ಪ್ಯಾಕೆಟ್ ಆದರೆ ಹಿಂದೆ ತಿರುಗಿಸಿ ಸೋಡಿಯಂ ಎಷ್ಟಿದೆ ನೋಡಿ. ಬಿಪಿ ಇರುವವರಂತೂ ನೋಡಲೇಬೇಕು.

ಲೋಳೆಯೇ ಅದರ ಬೆಲೆ

ನನ್ನ ಅಮ್ಮನಿಗೆ ಕೊಲೆಸ್ಟ್ರಾಲ್ ಜಾಸ್ತಿ ಅಂತ ಗೊತ್ತಾದ ದಿನದಿಂದ ನಮ್ಮ ಮನೆಯಲ್ಲಿ ಓಟ್ಸ್ ಇದೆ. ಅಮ್ಮನಿಗೆ ಅದು ಸೇರುತ್ತಿರಲಿಲ್ಲ. "ಲೋಳೆ ಲೋಳೆ, ಗಂಟಲಲ್ಲಿ ಇಳಿಯಲ್ಲ" ಅನ್ನುತ್ತಿದ್ದರು. ಆ ಲೋಳೆಯ ಸಲುವಾಗಿಯೇ ಡಾಕ್ಟರು ಅದನ್ನು ತಿನ್ನಲು ಹೇಳಿದ್ದು ಅಂತ ಆಗ ನನಗೂ ಗೊತ್ತಿರಲಿಲ್ಲ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದು ಚಮಚ ಓಟ್ಸ್ ಅನ್ನು ಅರ್ಧ ಲೋಟ ಉಗುರುಬೆಚ್ಚಗಿನ ನೀರಲ್ಲಿ ಹಾಕಿ ಒಂದೆರಡು ಗಂಟೆ ಬಿಡಿ. ಆಮೇಲೆ ನೀರನ್ನು ಎರಡು ಬೆರಳ ನಡುವೆ ಉಜ್ಜಿ. ಬೆಂಡೆಕಾಯಿ ಹೆಚ್ಚಿದಾಗ ಆಗುವ ಹಾಗೆ ಜಾರುತ್ತದೆ. ಅದು ಬೀಟಾ ಗ್ಲೂಕಾನ್, ನೀರಲ್ಲಿ ಕರಗುವ ನಾರು. ಕಾಳಿನ ಜೀವಕೋಶಗಳ ಗೋಡೆಯಲ್ಲಿ ಇರುತ್ತದೆ. ಗ್ಲೂಕೋಸ್ ಕಣಗಳು ಸರಪಳಿಯಾಗಿ ಸೇರಿ ಆದದ್ದು, ಆದರೆ ಆ ಸರಪಳಿಯ ಕೊಂಡಿಗಳನ್ನು ಬಿಚ್ಚುವ ಕಿಣ್ವ ನಮ್ಮ ಹೊಟ್ಟೆಯಲ್ಲಿ ಇಲ್ಲ. ಹಾಗಾಗಿ ಅದು ಜೀರ್ಣವಾಗದೆ, ನೀರು ಹೀರಿ, ಗಂಜಿಯನ್ನು ದಪ್ಪ ಮಾಡುತ್ತಾ ಕರುಳಿನಲ್ಲಿ ಮುಂದೆ ಸಾಗುತ್ತದೆ.

ಕೊಲೆಸ್ಟ್ರಾಲ್‌ಗೂ ಇದಕ್ಕೂ ಏನು ಸಂಬಂಧ? ಲಿವರ್ ಪಿತ್ತರಸ ಮಾಡುವುದು ಕೊಲೆಸ್ಟ್ರಾಲ್ ಬಳಸಿ. ಊಟದ ಜಿಡ್ಡನ್ನು ಜೀರ್ಣಿಸಲು ಪಿತ್ತರಸ ಕರುಳಿಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಸಣ್ಣ ಕರುಳಿನ ಕೊನೆಯಲ್ಲಿ ದೇಹ ಅದರ ಬಹುಭಾಗವನ್ನು ಮತ್ತೆ ಹೀರಿ ಲಿವರ್‌ಗೆ ಕಳಿಸುತ್ತದೆ. ಹೊಸದು ಮಾಡುವ ಖರ್ಚು ಉಳಿಯಲಿ ಅಂತ ಈ ಏರ್ಪಾಡು. ಕರುಳಿನಲ್ಲಿ ಬೀಟಾ ಗ್ಲೂಕಾನ್ ಲೋಳೆ ಇದ್ದರೆ ಪಿತ್ತದ ಅಂಶ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ವಾಪಸ್ ಹೋಗಬೇಕಾದದ್ದು ಮಲದ ಜೊತೆ ಹೊರಗೆ ಹೋಗುತ್ತದೆ. ಲಿವರ್‌ಗೆ ಹೊಸ ಪಿತ್ತ ಮಾಡುವುದು ಅನಿವಾರ್ಯ. ಅದಕ್ಕೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಇಳಿಯುವುದು ಹೀಗೆ.

ಎಷ್ಟು ಇಳಿಯುತ್ತದೆ? ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ತಿಂದರೆ ನೂರಕ್ಕೆ ಐದರಿಂದ ಏಳರಷ್ಟು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಓಟ್ಸ್ ಪ್ಯಾಕೆಟ್ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿಗೆ ಕೊಟ್ಟಾಗ ಇದೇ 3 ಗ್ರಾಂ ಲೆಕ್ಕ ಇಟ್ಟುಕೊಂಡಿತ್ತು. ಈಗ ನಿಮ್ಮ ಬಟ್ಟಲಿನ ಲೆಕ್ಕ ಹಾಕಿ. ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ನೂರಕ್ಕೆ ಸುಮಾರು ನಾಲ್ಕು. ಬೆಳಿಗ್ಗೆ ತಿನ್ನುವ ಒಂದು ಬಟ್ಟಲಿಗೆ 40 ಗ್ರಾಂ ಹಾಕುತ್ತೀರಿ ಅಂದರೆ ಸಿಗುವುದು ಒಂದೂವರೆ ಗ್ರಾಂ. ಅರ್ಧ ದಾರಿ. ಪೂರ್ತಿ ಬೇಕಾದರೆ ದಿನಕ್ಕೆ 75 ಗ್ರಾಂ ಬೇಕು. ಓಟ್ಸ್ ಬಿಸ್ಕತ್ತು ಅಂತ ಸಿಗುವುದರಲ್ಲಿ ಮೈದಾ, ಸಕ್ಕರೆ ನಡುವೆ ಓಟ್ಸ್ ಎಷ್ಟಿರುತ್ತದೆ ಅಂತ ಪ್ಯಾಕೆಟ್ ಓದಿದರೆ ನಿಮಗೇ ಗೊತ್ತಾಗುತ್ತದೆ.

ಐದರಿಂದ ಏಳು ಅನ್ನುವುದು ಉಪಯೋಗಕ್ಕೆ ಬರುವ ಇಳಿಕೆ, ಆದರೆ ಮಾತ್ರೆಯ ಜಾಗ ತುಂಬುವಷ್ಟು ದೊಡ್ಡದಲ್ಲ. ಡಾಕ್ಟರು ಬರೆದ ಮಾತ್ರೆಯನ್ನು ಓಟ್ಸ್ ನಂಬಿ ನಿಲ್ಲಿಸಬೇಡಿ. ಹೊಸದಾಗಿ ಶುರು ಮಾಡುವವರು ಮೊದಲ ದಿನವೇ ದೊಡ್ಡ ಬಟ್ಟಲು ತಿನ್ನುವುದೂ ಬೇಡ. ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

ಅಮ್ಮನ ಸಮಸ್ಯೆಗೆ ಪರಿಹಾರ ಅಡುಗೆಯಲ್ಲೇ ಸಿಕ್ಕಿತು. ಬಾಣಲೆಯಲ್ಲಿ ದಪ್ಪ ಹಾಳೆಯನ್ನು ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಘಮ ಬರುವವರೆಗೆ ಹುರಿಯುವುದು. ಹಾಗೆ ಹುರಿದರೆ ಹಾಳೆ ಮುದ್ದೆಯಾಗುವುದು ಕಡಿಮೆ. ಆಮೇಲೆ ಸಾಸಿವೆ, ಕರಿಬೇವು, ಹಸಿಮೆಣಸು, ಈರುಳ್ಳಿ, ಬೀನ್ಸ್ ಒಗ್ಗರಣೆಗೆ ನೀರು ಹಾಕಿ ಕುದಿಸಿ, ಹುರಿದದ್ದನ್ನು ಸುರಿದು ಎರಡು ನಿಮಿಷ ಮುಚ್ಚಿಡುವುದು. ರವೆ ಉಪ್ಪಿಟ್ಟಿಗೆ ಹಾಕುವಷ್ಟು ನೀರು ಹಾಕಿದರೆ ಗಂಜಿಯಾಗುತ್ತದೆ. ಒಂದು ಲೋಟ ಹಾಳೆಗೆ ಒಂದು ಲೋಟ ನೀರು ಸಾಕು, ಬೇಕಾದರೆ ಮೇಲೆ ಸ್ವಲ್ಪ ಚಿಮುಕಿಸಬಹುದು. ಕೊನೆಗೆ ನಿಂಬೆಹಣ್ಣು ಹಿಂಡುವುದನ್ನು ಮರೆಯಬೇಡಿ. ಓಟ್ಸ್‌ನಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ ಹೀರಿಕೊಳ್ಳಲು ಅಡ್ಡ ಬರುತ್ತದೆ, ನಿಂಬೆಯ ವಿಟಮಿನ್ ಸಿ ಆ ಅಡ್ಡಿಯನ್ನು ಕಡಿಮೆ ಮಾಡುತ್ತದೆ.

ಚಪಾತಿ ಬರುವುದಿಲ್ಲ, ರೊಟ್ಟಿ ಬರುತ್ತದೆ

ಓಟ್ಸ್ ಹಿಟ್ಟು ಕಲಸಿ ಚಪಾತಿ ಲಟ್ಟಿಸಲು ಹೋದವರಿಗೆ ಅದು ಹರಿದು ಹೋಗುವುದು ಗೊತ್ತು. ಗೋಧಿ ಹಿಟ್ಟನ್ನು ನಾದಿದರೆ ಅದರಲ್ಲಿನ ಗ್ಲೂಟೆನ್ ಎಂಬ ಪ್ರೋಟೀನ್ ಬಲೆಯಾಗಿ ಹೆಣೆದುಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ. ಓಟ್ಸ್‌ನಲ್ಲಿ ಪ್ರೋಟೀನ್ ಗೋಧಿಗಿಂತ ಕಡಿಮೆ ಏನಿಲ್ಲ, ಆದರೆ ಅದರ ಜಾತಿ ಬೇರೆ. ಬಹುಪಾಲು ಗ್ಲಾಬ್ಯುಲಿನ್, ಅಂದರೆ ನಮ್ಮ ಬೇಳೆಕಾಳುಗಳಲ್ಲಿ ಇರುವಂಥದ್ದು. ಅದು ಬಲೆ ಹೆಣೆಯುವುದಿಲ್ಲ.

ಇದಕ್ಕೆ ಚೀನಾದ ಶಾನ್‌ಶಿ ಪ್ರಾಂತ್ಯದ ಜನ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಅಲ್ಲಿ ಮತ್ತು ಪಕ್ಕದ ಒಳ ಮಂಗೋಲಿಯಾದಲ್ಲಿ ಬೆಳೆಯುವುದು ಸಿಪ್ಪೆ ತಾನಾಗಿ ಕಳಚುವ ಓಟ್ಸ್, ಬೆತ್ತಲೆ ಓಟ್ಸ್ ಅಂತಲೇ ಹೆಸರು. ಕಾಳನ್ನು ಮೊದಲು ಹುರಿದು ಬೀಸುತ್ತಾರೆ. ಆ ಹಿಟ್ಟಿಗೆ ಕುದಿಯುವ ನೀರು ಸುರಿದು ಕಲಸುತ್ತಾರೆ. ಒಂದು ಚಿಟಿಕೆ ಕಣಕ ತೆಗೆದು ನುಣುಪಾದ ಹಲಗೆಯ ಮೇಲೆ ಅಂಗೈಯಿಂದ ತಳ್ಳಿದರೆ ತೆಳ್ಳನೆಯ ನಾಲಿಗೆಯಂತೆ ಹರಡುತ್ತದೆ. ಅದನ್ನು ಬೆರಳಿಗೆ ಸುತ್ತಿ ಕೊಳವೆ ಮಾಡಿ, ಬಿದಿರಿನ ಬುಟ್ಟಿಯಲ್ಲಿ ಒತ್ತೊತ್ತಾಗಿ ನಿಲ್ಲಿಸುತ್ತಾರೆ. ನೋಡಲು ಜೇನುಗೂಡು. ಹಬೆಯಲ್ಲಿ ಬೇಯಿಸಿ ಕುರಿಮಾಂಸದ ಸಾರಿನಲ್ಲೋ ಹುಳಿ ಸಾರಿನಲ್ಲೋ ಅದ್ದಿ ತಿನ್ನುತ್ತಾರೆ. ಕುದಿನೀರು ಯಾಕೆ? ಗ್ಲೂಟೆನ್ ಇಲ್ಲದ ಹಿಟ್ಟಿಗೆ ಬೆಂದ ಪಿಷ್ಟವೇ ಅಂಟು. ನಮ್ಮ ಜೋಳದ ರೊಟ್ಟಿಗೆ ಎಸರು ಸುರಿದು ನಾದುವುದು, ಮಲೆನಾಡಿನಲ್ಲಿ ಅಕ್ಕಿಹಿಟ್ಟನ್ನು ಉಕ್ಕರಿಸಿ ರೊಟ್ಟಿ ಮಾಡುವುದು ಇದೇ ಕಾರಣಕ್ಕೆ. ಒಬ್ಬರನ್ನೊಬ್ಬರು ನೋಡದ ಅಡುಗೆಮನೆಗಳು ಒಂದೇ ಉಪಾಯಕ್ಕೆ ಬಂದಿವೆ. ಓಟ್ಸ್ ರೊಟ್ಟಿ ಬೇಕೆಂದರೆ ಅದನ್ನು ಜೋಳ ಅಂದುಕೊಂಡು ಮಾಡಿ, ಬರುತ್ತದೆ.

ಗ್ಲೂಟೆನ್ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ, ಬಾರ್ಲಿ ಆಗುವುದಿಲ್ಲ. ಶುದ್ಧ ಓಟ್ಸ್ ಅವರಲ್ಲಿ ಬಹಳ ಜನಕ್ಕೆ ಆಗುತ್ತದೆ. ಆದರೆ ಅದೇ ಹೊಲ, ಅದೇ ಲಾರಿ, ಅದೇ ಗಿರಣಿ ಹಂಚಿಕೊಂಡ ಓಟ್ಸ್‌ನಲ್ಲಿ ಗೋಧಿ ಬೆರೆತೇ ಇರುತ್ತದೆ. ಕಳೆಯಾಗಿ ಗೋಧಿಯ ಜೊತೆ ಬಂದ ಬೆಳೆಗೆ ಆ ಸಹವಾಸ ಇನ್ನೂ ಬಿಟ್ಟಿಲ್ಲ. ಅಂಥವರು ಗ್ಲೂಟೆನ್ ಫ್ರೀ ಅಂತ ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಬೇಕು. ನಮ್ಮ ದೇಶದ ನಿಯಮದಲ್ಲಿ ಅದಕ್ಕೆ ಕಿಲೋಗೆ 20 ಮಿಲಿಗ್ರಾಂ ಗ್ಲೂಟೆನ್ ಮಿತಿ ಇದೆ. ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು.

ರಾಗಿ ಮೇಲೋ ಓಟ್ಸ್ ಮೇಲೋ ಅನ್ನುವ ಜಗಳ ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ. 100 ಗ್ರಾಂ ಓಟ್ಸ್‌ನಲ್ಲಿ ಪ್ರೋಟೀನ್ ಸುಮಾರು 13 ಗ್ರಾಂ, ರಾಗಿಯಲ್ಲಿ 7. ಅಷ್ಟೇ ರಾಗಿಯಲ್ಲಿ ಸುಣ್ಣದಂಶ 364 ಮಿಲಿಗ್ರಾಂ, ಓಟ್ಸ್‌ನಲ್ಲಿ 50ರ ಆಸುಪಾಸು. ನಾರು ಎರಡರಲ್ಲೂ ಹತ್ತು ಹನ್ನೊಂದು ಗ್ರಾಂ, ಆದರೆ ಲೋಳೆಯಾಗುವ ನಾರು ಓಟ್ಸ್‌ನಲ್ಲಿ ಹೆಚ್ಚು. ಮೂಳೆಗೆ ರಾಗಿ, ಕೊಲೆಸ್ಟ್ರಾಲ್‌ಗೆ ಓಟ್ಸ್ ಅಂತ ಇಟ್ಟುಕೊಂಡರೆ ತಪ್ಪಿಲ್ಲ. ಬೆಲೆಯಲ್ಲಿ ರಾಗಿಯೇ ಅಗ್ಗ. ಬೀಟಾ ಗ್ಲೂಕಾನ್ ಬೇಕು, ಓಟ್ಸ್ ಸೇರುವುದಿಲ್ಲ ಅನ್ನುವವರಿಗೆ ಬಾರ್ಲಿಯಲ್ಲೂ ಅದು ಚೆನ್ನಾಗಿ ಇದೆ, ನಮ್ಮ ಅಜ್ಜಿಯರು ಗಂಜಿ ಕಾಯಿಸುತ್ತಿದ್ದ ಅದೇ ಬಾರ್ಲಿ.

ನಮ್ಮ ಹೊಲದಲ್ಲಿ ಓಟ್ಸ್

ಮತ್ತೆ ಧಾರವಾಡಕ್ಕೆ ಬರೋಣ. ಭಾರತದಲ್ಲಿ ಓಟ್ಸ್ ಬೆಳೆಯುವುದು ಮುಖ್ಯವಾಗಿ ಮೇವಿಗೆ. ಪಂಜಾಬ್, ಹರಿಯಾಣ, ಉತ್ತರ ಪ್ರದೇಶದಲ್ಲಿ ಚಳಿಗಾಲದ ಹಸಿಮೇವು ಅದು. ಕಾಶ್ಮೀರದಲ್ಲಿ ಭತ್ತ ಕೊಯ್ದ ಗದ್ದೆಗೆ ಓಟ್ಸ್ ಬಿತ್ತುತ್ತಾರೆ. ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಇದರ ತಳಿಗಳ ಮೇಲೆ ಕೆಲಸ ಮಾಡುತ್ತಾ ಬಂದಿದೆ. ಅದರ ದಕ್ಷಿಣದ ಪ್ರಾದೇಶಿಕ ಕೇಂದ್ರ ಇರುವುದು ಧಾರವಾಡದಲ್ಲೇ.

ಇಲ್ಲಿ ಕಾಳಿಗೆ ಯಾಕೆ ಬೆಳೆಯುವುದಿಲ್ಲ? ಓಟ್ಸ್‌ಗೆ ಹೂ ಬಿಡಲು ಉದ್ದನೆಯ ಹಗಲು ಇಷ್ಟ, ಕಾಳು ತುಂಬಲು ತಂಪು ಬೇಕು. ಉತ್ತರ ದೇಶಗಳ ಬೇಸಿಗೆಯಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ನಮ್ಮಲ್ಲಿ ಚಳಿಗಾಲದ ಹಗಲು ಚಿಕ್ಕದು. ಹೂ ಬಿಟ್ಟು ಕಾಳು ಹಾಲು ತುಂಬುವ ಹೊತ್ತಿಗೆ ಫೆಬ್ರವರಿ, ಮಾರ್ಚಿನ ಬಿಸಿಲು ಏರಿರುತ್ತದೆ. ಕಾಳು ಸಣಕಲಾಗುತ್ತದೆ, ಸಿಪ್ಪೆಯ ಪಾಲು ಹೆಚ್ಚುತ್ತದೆ. ಸಿಪ್ಪೆ ಬಿಡಿಸುವ, ಹಬೆ ಕೊಡುವ ಗಿರಣಿ ಹಳ್ಳಿಯಲ್ಲಿ ಇಲ್ಲ. ಎಲೆ, ದಂಟು ಮಾತ್ರ ನಮ್ಮ ಚಳಿಗಾಲದಲ್ಲಿ ಸೊಗಸಾಗಿ ಬರುತ್ತವೆ. ಹಾಗಾಗಿ ಮೇವು ಮಾಡುವುದೇ ಜಾಣತನ.

ಬಿತ್ತನೆ ಅಕ್ಟೋಬರ್, ನವೆಂಬರ್‌ನಲ್ಲಿ. ಎಕರೆಗೆ ಸುಮಾರು 40 ಕಿಲೋ ಬೀಜ, ಸಾಲಿನಿಂದ ಸಾಲಿಗೆ 25 ಸೆಂಟಿಮೀಟರ್. ಕೆಂಟ್, ಜೆಎಚ್‌ಒ-822, ಓಎಸ್-6 ಇವೆಲ್ಲ ರೈತರಿಗೆ ಪರಿಚಯದ ತಳಿಗಳು. ನೀರು ಇರಲೇಬೇಕು, ಹತ್ತು ಹದಿನೈದು ದಿನಕ್ಕೊಮ್ಮೆ ಹಾಯಿಸಬೇಕು. ಒಂದೇ ಸಲ ಕೊಯ್ಯುವುದಾದರೆ ಅರ್ಧ ಹೊಲ ಹೂ ಬಿಟ್ಟಾಗ ಕೊಯ್ಯಬೇಕು. ಅದಕ್ಕಿಂತ ತಡವಾದರೆ ದಂಟು ಗಟ್ಟಿಯಾಗಿ ದನ ಬಿಟ್ಟುಬಿಡುತ್ತದೆ. ಎರಡು ಸಲ ಕೊಯ್ಯುವುದಾದರೆ ಮೊದಲ ಕೊಯ್ಲು 50, 55 ದಿನಕ್ಕೆ. ಚೆನ್ನಾಗಿ ಬಂದರೆ ಎಕರೆಗೆ 16ರಿಂದ 20 ಟನ್ ಹಸಿಮೇವು ಸಿಗುತ್ತದೆ. ಜೊತೆಗೆ ಕುದುರೆ ಮಸಾಲೆ (ಲೂಸರ್ನ್) ಎಂಬ ಮೇವಿನ ಸೊಪ್ಪು ಕೊಟ್ಟರೆ ಹಸುವಿಗೆ ಪ್ರೋಟೀನೂ ಸಾಕಾಗುತ್ತದೆ. ಹೆಚ್ಚಾದದ್ದನ್ನು ಗಾಳಿಯಾಡದ ಹಾಗೆ ತುಳಿದು ಮುಚ್ಚಿ ರಸಮೇವು ಮಾಡಿದರೆ ಬೇಸಿಗೆಗೆ ಆಗುತ್ತದೆ. ಒಂದು ಹುಷಾರು. ಯೂರಿಯಾ ಜಾಸ್ತಿ ಹಾಕಿ, ಆಮೇಲೆ ನೀರು ಸಾಲದೆ ಬಾಡಿದ ಓಟ್ಸ್ ಅನ್ನು ದನಕ್ಕೆ ಹಾಕಬೇಡಿ. ಅಂಥ ಗಿಡದಲ್ಲಿ ನೈಟ್ರೇಟ್ ಕೂಡಿಕೊಂಡು ವಿಷವಾಗುತ್ತದೆ, ದನ ಸಾಯಲೂಬಹುದು.

ಮಣ್ಣಿಗೂ ಓಟ್ಸ್ ಮಾಡುವ ಉಪಕಾರ ಇದೆ. ಗೋಧಿಯ ಬೇರನ್ನು ಕೊಳೆಸುವ ಟೇಕ್ ಆಲ್ ಎಂಬ ಶಿಲೀಂಧ್ರ ರೋಗ ತಂಪು ದೇಶಗಳ ರೈತರನ್ನು ಕಾಡುತ್ತದೆ. ಓಟ್ಸ್ ಬೇರಿನಲ್ಲಿ ಅವೆನಾಸಿನ್ ಎಂಬ ವಸ್ತು ಇದೆ, ಅದು ಆ ಶಿಲೀಂಧ್ರವನ್ನು ಕೊಲ್ಲುತ್ತದೆ. ಅದಕ್ಕೇ ಅಲ್ಲಿ ಗೋಧಿಯ ನಡುವೆ ಒಂದು ವರ್ಷ ಓಟ್ಸ್ ಹಾಕಿ ಹೊಲಕ್ಕೆ ಬಿಡುವು ಕೊಡುತ್ತಾರೆ. ಎಳೆಯ ಬೇರನ್ನು ಕತ್ತಲಲ್ಲಿ ಅತಿನೇರಳೆ ಬೆಳಕಿನ ಕೆಳಗೆ ಹಿಡಿದರೆ ತುದಿ ನೀಲಿಯಾಗಿ ಹೊಳೆಯುತ್ತದೆ. ಆ ಹೊಳಪೇ ಅವೆನಾಸಿನ್.

ಆ ದಿನ ಹೊರಡುವ ಮುಂಚೆ ಆ ರೈತರು ಕುಡುಗೋಲು ಹಿಡಿದು ಇನ್ನೊಂದು ಹೊರೆ ಕೊಯ್ದರು. ನೆಲಕ್ಕೆ ತಾಗಿಸಿ ಕೊಯ್ಯಲಿಲ್ಲ. ಒಂದು ಗೇಣಿನ ಅರ್ಧದಷ್ಟು ಬುಡ ಬಿಟ್ಟರು. "ಅಷ್ಟು ಬಿಟ್ರ ಮತ್ತ ಚಿಗೀತದರೀ" ಅಂದರು. ಹಿಂದಿನ ವಾರ ಕೊಯ್ದ ಪಟ್ಟಿಯಲ್ಲಿ ಆಗಲೇ ಹೊಸ ಎಲೆ ಬೆರಳುದ್ದ ಬಂದಿತ್ತು. ನಾನು ಬೀಜಕ್ಕೆ ಬಿಟ್ಟ ಸಾಲಿನಿಂದ ಒಂದು ತೆನೆ ಕೇಳಿ ತಂದೆ. ಈಗ ಅದು ಅಮ್ಮನ ಓಟ್ಸ್ ಡಬ್ಬಿಯ ಪಕ್ಕದಲ್ಲೇ ಒಂದು ಲೋಟದಲ್ಲಿದೆ, ಒಣಗಿದ ಜುಮುಕಿಗಳ ಸಮೇತ.